ಗೇರ್‌ಬಾಕ್ಸ್ ಬೋಲ್ಟಿಗೆ ಯಾವ ಟಾರ್ಕ್ ರೆಂಚ್? ಕೈ ಅಂದಾಜಿನ ಜೊತೆ ಮೂರನ್ನೂ ಹಿಡಿದು ನೋಡಿದ್ದೇನೆ

ಮಂಡಗದ್ದೆ ದಾಟಿ ಸ್ವಲ್ಪ ದೂರ ಬಂದಿದ್ದೆ. ಜೀಪಿನ ಹಿಂದೆ ಅಡಿಕೆ ಮೂಟೆ, ಹೊರಟಿದ್ದು ಶಿವಮೊಗ್ಗ ಮಂಡಿಗೆ. ಕ್ಲಚ್ ಬಿಡುವಾಗ ಗೇರ್ ಲಿವರ್ ನಡುಗುವುದು ಒಂದು ವಾರದಿಂದ ಇತ್ತು. ಅವತ್ತು ಅದರ ಜೊತೆ ಕೆಳಗಿನಿಂದ ಕಟಕಟ ಸದ್ದೂ ಶುರುವಾಯಿತು. ಬದಿಗೆ ನಿಲ್ಲಿಸಿ ಕೆಳಗೆ ತೂರಿ ನೋಡಿದರೆ, ಬೆಲ್ ಹೌಸಿಂಗಿಗೆ (ಕ್ಲಚ್ಚನ್ನು ಮುಚ್ಚಿರುವ ಗಂಟೆಯಾಕಾರದ ಕವಚ) ಗೇರ್‌ಬಾಕ್ಸ್ ಹಿಡಿದಿರುವ ಬೋಲ್ಟುಗಳಲ್ಲಿ ಒಂದು ಇಲ್ಲವೇ ಇಲ್ಲ. ಇನ್ನೊಂದು ಬೆರಳಲ್ಲೇ ತಿರುಗುತ್ತಿತ್ತು. ಎರಡು ತಿಂಗಳ ಹಿಂದೆ ಕ್ಲಚ್ ಪ್ಲೇಟ್ ಬದಲಿಸಲು ಗೇರ್‌ಬಾಕ್ಸ್ ಇಳಿಸಿದ್ದೆವು. ಆ ಬೋಲ್ಟುಗಳನ್ನು ಟೈಟ್ ಮಾಡಿದ್ದು ನಾನೇ.

ಅದೇ ವರ್ಷ ಮನೆಯ ಸಣ್ಣ ಕಾರಿನಲ್ಲಿ ಇದಕ್ಕೆ ಉಲ್ಟಾ ಆಯಿತು. ಒಂದು ಗ್ಯಾರೇಜಿನಲ್ಲಿ ಗೇರ್ ಆಯಿಲ್ ಬದಲಿಸಿ ಡ್ರೈನ್ ಪ್ಲಗ್ಗನ್ನು ಉದ್ದ ಹ್ಯಾಂಡಲ್ ಹಾಕಿ ಬಿಗಿದಿದ್ದರು. ಮುಂದಿನ ಸಲ ಬಿಚ್ಚಿದಾಗ ಪ್ಲಗ್ ಜೊತೆ ಅಲ್ಯೂಮಿನಿಯಂ ಥ್ರೆಡ್ ಕೂಡ ಸುರುಳಿ ಸುರುಳಿಯಾಗಿ ಹೊರಗೆ ಬಂತು. ಹೆಲಿಕಾಯಿಲ್, ಅಂದರೆ ಹೊಸ ಥ್ರೆಡ್ ಕೊಡುವ ತಂತಿಯ ಸುರುಳಿ, ಹಾಕಿಸಿ ಸರಿ ಮಾಡಿಸಬೇಕಾಯಿತು.

ಒಂದು ಕಡಿಮೆ ಬಿಗಿದು ಬಿದ್ದದ್ದು, ಇನ್ನೊಂದು ಜಾಸ್ತಿ ಬಿಗಿದು ಕಿತ್ತದ್ದು. ಇನ್ನು ಅಂದಾಜಿನ ಮೇಲೆ ಬಿಡಬಾರದು ಅಂತ, ಬೋಲ್ಟನ್ನು ಎಷ್ಟು ಬಲದಲ್ಲಿ ತಿರುಗಿಸಿ ಬಿಗಿಯುತ್ತಿದ್ದೇವೆ ಅಂತ ಅಳೆಯುವ ಟಾರ್ಕ್ ರೆಂಚ್ ಹುಡುಕಲು ಹೊರಟೆ. ಮುಳ್ಳು ಇರುವ ಬೀಮ್ ರೆಂಚ್ ಮತ್ತು 'ಟಕ್' ಅನ್ನುವ ಕ್ಲಿಕ್ ರೆಂಚ್ ಎರಡನ್ನೂ ಕೊಂಡೆ. ಕೊಡಚಾದ್ರಿಗೆ ಜೀಪ್ ಓಡಿಸುವ ಗೆಳೆಯನ ಹತ್ತಿರ ಡಿಜಿಟಲ್ ಅಡಾಪ್ಟರ್ ಇತ್ತು, ಅದನ್ನು ಒಂದು ತಿಂಗಳ ಮಟ್ಟಿಗೆ ತಂದೆ. ಜೊತೆಗೆ ಕೈ ಅಂದಾಜನ್ನೂ ಅಳೆದು ನೋಡುವುದು ಅಂದುಕೊಂಡೆ, ಯಾಕೆಂದರೆ ನಮ್ಮ ಕಡೆ ಬಹಳಷ್ಟು ಗೇರ್‌ಬಾಕ್ಸುಗಳು ಅದರ ಮೇಲೇ ನಿಂತಿವೆ.

ಮೊದಲು ಕೈ. ತೀರ್ಥಹಳ್ಳಿಯಲ್ಲಿ ನನಗೆ ಗೊತ್ತಿರುವ ಮೆಕ್ಯಾನಿಕ್ ಒಬ್ಬರಿದ್ದಾರೆ. ಹದಿನೈದು ವರ್ಷದಿಂದ ಜೀಪಿನ ಕೆಳಗೇ ಮಲಗಿದವರು. ಅವರ ಕೈಗೆ ಬೀಮ್ ರೆಂಚ್ ಕೊಟ್ಟು, ಅದರ ಸ್ಕೇಲಿಗೆ ಬಟ್ಟೆ ಮುಚ್ಚಿ, "ಅಣ್ಣ, ಐದು ಕೆಜಿ-ಮೀಟರ್ ಅನ್ನಿಸೋವರೆಗೆ ಎಳೀರಿ" ಅಂದೆ. ಅಂದರೆ ಒಂದು ಮೀಟರ್ ಉದ್ದದ ಹಿಡಿಯ ತುದಿಯಲ್ಲಿ ಐದು ಕೆಜಿ ಎಳೆದಷ್ಟು ಬಲ. ನಾನು ಬಟ್ಟೆಯ ಈಚೆಯಿಂದ ಓದಿಕೊಂಡೆ. ವೈಸಿಗೆ ಕಚ್ಚಿಸಿದ ಎಂ10 (ಥ್ರೆಡ್ಡಿನ ದಪ್ಪ 10 ಮಿಲಿಮೀಟರ್) ಬೋಲ್ಟಿನ ಮೇಲೆ ಅವರ ಆರು ಎಳೆತ ಹೀಗೆ ಬಂತು: 5.2, 5.8, 4.8, 6.0, 5.4, 5.0. ನಿಜ ಹೇಳಬೇಕೆಂದರೆ ಇಷ್ಟು ಹತ್ತಿರ ಬರುತ್ತದೆ ಅಂತ ನಾನು ಎಣಿಸಿರಲಿಲ್ಲ. ನನ್ನ ಆರು ಎಳೆತ 3.9ರಿಂದ 7.2ರವರೆಗೆ ಹರಡಿತ್ತು.

ಆಮೇಲೆ ಅವರನ್ನೇ ಜೀಪಿನ ಕೆಳಗೆ ಮಲಗಿಸಿ ಅದೇ ಕೆಲಸ ಮಾಡಿಸಿದೆ. 4.1, 4.4, 3.9. ಮಲಗಿದಾಗ ಮೊಣಕೈ ಬಿಚ್ಚುವುದಿಲ್ಲ, ಭುಜದ ಬಲ ಸಿಗುವುದಿಲ್ಲ. ಕೈಗೆ ಅದೇ ಶ್ರಮ ಅನ್ನಿಸುತ್ತದೆ, ಬೋಲ್ಟಿಗೆ ಹೋಗುವುದು ಕಡಿಮೆ. ನನ್ನ ಬೋಲ್ಟ್ ಬಿದ್ದದ್ದು ಹೀಗೇ ಇರಬೇಕು.

ಸಣ್ಣ ಎಂ8 ಬೋಲ್ಟಿಗೆ 2.3 ಹೇಳಿದರೆ 2.5, 2.9, 3.1 ಬಂತು. "ನಂಗೆ ನನ್ನ 13ರ ಸ್ಪ್ಯಾನರ್ ಕೊಡಿ ಗೌಡ್ರೇ, ಇದು ಉದ್ದ ಜಾಸ್ತಿ" ಅಂದರು. ಅವರ ಮಾತು ಸರಿ. ಸಣ್ಣ ಸ್ಪ್ಯಾನರನ್ನು ಗಿಡ್ಡ ಮಾಡಿರುವುದೇ ಸಣ್ಣ ಬೋಲ್ಟಿಗೆ ಬಲ ಮಿತಿ ಮೀರದಿರಲಿ ಅಂತ. ಸಣ್ಣ ಬೋಲ್ಟಿಗೆ ಉದ್ದನೆಯ ಅರ್ಧ ಇಂಚಿನ ರಾಟ್ಚೆಟ್ ಹಾಕಿದ ತಕ್ಷಣ ಕೈ ಲೆಕ್ಕ ತಪ್ಪುತ್ತದೆ. ನನ್ನ ಕಾರಿನ ಡ್ರೈನ್ ಪ್ಲಗ್ಗಿಗೆ ಆದದ್ದು ಇದೇ.

ಇಲ್ಲೇ ಒಂದು ಮಾತು. ನಾವು ಬೋಲ್ಟನ್ನು ಸ್ಪ್ಯಾನರ್ ನಂಬರಿನಿಂದ ಕರೆಯುತ್ತೇವೆ, 13ರದ್ದು, 17ರದ್ದು ಅಂತ. ಟಾರ್ಕ್ ಲೆಕ್ಕಕ್ಕೆ ಅದು ಸಾಲದು. ಎಂ10 ಬೋಲ್ಟಿನ ತಲೆ ಕೆಲವದರಲ್ಲಿ 14 ಇರುತ್ತದೆ, ಕೆಲವದರಲ್ಲಿ 17. ಲೆಕ್ಕ ಹಿಡಿಯಬೇಕಾದ್ದು ಥ್ರೆಡ್ಡಿನ ದಪ್ಪ ಮತ್ತು ತಲೆಯ ಮೇಲೆ ಕೊರೆದಿರುವ ಗ್ರೇಡ್ (ಬೋಲ್ಟಿನ ಬಲದ ಗುರುತು), 8.8 ಅಥವಾ 10.9. ವಾಹನದ ಮ್ಯಾನುಯಲ್ ಸಿಕ್ಕರೆ ಅದರ ಅಂಕಿಯೇ ಕೊನೆಯ ಮಾತು. ಸಿಗದಿದ್ದಾಗ, 8.8 ಗ್ರೇಡಿನ ಬೋಲ್ಟ್ ಉಕ್ಕಿನ ಅಥವಾ ಬೀಡಿನ ಒಣ ಥ್ರೆಡ್ಡಿಗೆ ಹೋಗುವುದಾದರೆ, ಎಂ8ಕ್ಕೆ ಸುಮಾರು 25 ನ್ಯೂಟನ್ ಮೀಟರ್, ಎಂ10ಕ್ಕೆ 49ರ ಆಸುಪಾಸು, ಎಂ12ಕ್ಕೆ 85ರ ಆಸುಪಾಸು. ಅಲ್ಯೂಮಿನಿಯಂಗೆ ಇಷ್ಟು ಹಾಕಬೇಡಿ, ಅಲ್ಲಿ ಮ್ಯಾನುಯಲ್ ನೋಡದೆ ಕೈ ಇಡುವುದೇ ಬೇಡ. ಒಂದು ಕೆಜಿ-ಮೀಟರ್ ಅಂದರೆ 9.8 ನ್ಯೂಟನ್ ಮೀಟರ್.

ಬೀಮ್ ರೆಂಚಿನಲ್ಲಿ ಹಾಳಾಗುವಂಥದ್ದು ಏನೂ ಇಲ್ಲ. ಒಂದು ಉಕ್ಕಿನ ಸರಳು ಬಾಗುತ್ತದೆ, ಪಕ್ಕದ ಮುಳ್ಳು ನೇರ ನಿಂತಿರುತ್ತದೆ, ಕೆಳಗಿನ ಸ್ಕೇಲ್ ಜರುಗುತ್ತದೆ. ಸ್ಪ್ರಿಂಗ್ ಇಲ್ಲ, ಬ್ಯಾಟರಿ ಇಲ್ಲ. ಕೈ ಬಿಟ್ಟಾಗ ಮುಳ್ಳು ಸೊನ್ನೆಗೆ ಬಂದರೆ ಸರಿ ಇದೆ ಅಂತ ಅರ್ಥ. ಬರದಿದ್ದರೆ ಮುಳ್ಳನ್ನೇ ಮೆಲ್ಲಗೆ ಬಗ್ಗಿಸಿ ಸೊನ್ನೆಗೆ ತರಬಹುದು. ಹಿಡಿಯ ನಡುವೆ ಒಂದು ಪಿನ್ ಇರುತ್ತದೆ, ಬಲ ಅದರ ಮೇಲೇ ಬೀಳಬೇಕು. ಹಿಡಿ ಓರೆಯಾಗಿ ಸರಳಿಗೆ ತಾಗಿದರೆ ಓದು ತಪ್ಪುತ್ತದೆ.

ಕಷ್ಟ ಇರುವುದು ಓದುವುದರಲ್ಲಿ. ಜೀಪಿನ ಕೆಳಗೆ ಮಲಗಿ ಬಿಗಿಯುವಾಗ ಸ್ಕೇಲ್ ಎಷ್ಟೋ ಸಲ ಮೇಲೆ ಫ್ಲೋರಿನ ಕಡೆ ತಿರುಗಿರುತ್ತದೆ. ಗಡ್ಡ ಮಾಡಿಕೊಳ್ಳುವ ಕನ್ನಡಿ ಇಟ್ಟು ನೋಡಿದೆ, ಅಂಕಿ ತಿರುಗುಮುರುಗಾಗಿ ಕಂಡಿತು. ಓರೆಯಿಂದ ನೋಡಿದರೆ ಐದು ಇದ್ದದ್ದು ಐದೂವರೆ ಕಾಣುತ್ತದೆ. ಕೊನೆಗೆ ಮಗಳು ಮೊಬೈಲ್ ಕ್ಯಾಮೆರಾ ಹಿಡಿದು ಕೂತಳು, ನಾನು ಎಳೆದೆ, ಅವಳು ಓದಿದಳು. ಕೆಲಸ ಸರಿಯಾಗಿ ಆಯಿತು. ಆದರೆ ಒಬ್ಬನೇ ಮಾಡುವ ಕೆಲಸ ಅಲ್ಲ ಅದು.

ಕ್ಲಿಕ್ ರೆಂಚ್ ಕೆಳಗೆ ಮಲಗುವವರಿಗೆ ಹೇಳಿ ಮಾಡಿಸಿದ ಹಾಗಿದೆ. ಹಿಡಿ ತಿರುಗಿಸಿ ಅಂಕಿ ಕೂರಿಸಿ, ನಿಧಾನ ಎಳೆಯಿರಿ, ಟಕ್ ಅಂದಾಗ ನಿಲ್ಲಿಸಿ. ಕಣ್ಣು ಬೇಡ. ನನ್ನದು 28ರಿಂದ 210 ನ್ಯೂಟನ್ ಮೀಟರಿನದ್ದು. ಬೆಲ್ ಹೌಸಿಂಗಿನ ಅಷ್ಟೂ ಬೋಲ್ಟುಗಳನ್ನು ಎದುರುಬದುರು ಲೆಕ್ಕದಲ್ಲಿ, ಮೊದಲು 30ಕ್ಕೆ, ಆಮೇಲೆ ಪೂರ್ತಿ ಅಂಕಿಗೆ, ಒಬ್ಬನೇ ಅರ್ಧ ಗಂಟೆಯೊಳಗೆ ಮುಗಿಸಿದೆ.

ಆದರೆ ಜುಲೈನಲ್ಲಿ ಒಂದು ತೊಡಕು ಕಂಡಿತು. ಶೆಡ್ಡಿನ ಮೇಲೆ ತಗಡಿನ ಶೀಟು, ಹೊರಗೆ ನಮ್ಮ ಮಳೆ. ಆ ಸದ್ದಿನಲ್ಲಿ ಟಕ್ ಕೇಳಿಸುವುದೇ ಇಲ್ಲ. ಅಂಗೈಗೆ ಒಂದು ಸಣ್ಣ ಜಾರಿದ ಹಾಗೆ ಆಗುತ್ತದಲ್ವಾ, ಅದನ್ನೇ ಕಾಯಬೇಕು. ಕೈಗವಸು ಹಾಕಿಕೊಂಡು ಜೋರಾಗಿ ಎಳೆದರೆ ಅದೂ ತಪ್ಪಿಹೋಗುತ್ತದೆ, ಮತ್ತೆ ಟಕ್ ದಾಟಿದ ಮೇಲೆ ಅದು ಏನನ್ನೂ ತಡೆಯುವುದಿಲ್ಲ. ಎಳೆದಷ್ಟೂ ಬಿಗಿಯುತ್ತಲೇ ಹೋಗುತ್ತದೆ.

ಇದರ ಅಂಕಿಯನ್ನು ನಂಬಬಹುದೇ ಅಂತ ಅಳೆದದ್ದು ಅಡಿಕೆ ತೂಗುವ ಸ್ಪ್ರಿಂಗ್ ತಕ್ಕಡಿಯಿಂದ. ಮೊದಲು 20 ಲೀಟರಿನ ಕ್ಯಾನಿಗೆ ನೀರು ತುಂಬಿ ಹಿಡಿಗೆ ನೇತುಹಾಕಿ ನೋಡಿದ್ದೆ. ರೆಂಚಿನ ಸ್ವಂತ ತೂಕವೂ ಸೇರಿ ಲೆಕ್ಕ ಕೆಟ್ಟಿತು. ಹಾಗಾಗಿ ಬೋಲ್ಟನ್ನು ನೆಟ್ಟಗೆ ನಿಲ್ಲಿಸಿ, ಸಾಕೆಟ್ ಕೂರುವ ಚೌಕದ ಮಧ್ಯದಿಂದ ಹಿಡಿಯ ಮಧ್ಯಕ್ಕೆ 40 ಸೆಂಟಿಮೀಟರ್ ಅಳೆದು, ಅಲ್ಲಿಗೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಅಡ್ಡಕ್ಕೆ, ರೆಂಚಿಗೆ ಮೂಲೆಮಟ್ಟವಾಗಿ ಎಳೆದೆ. 50 ನ್ಯೂಟನ್ ಮೀಟರಿಗೆ ಕೂರಿಸಿದಾಗ ಲೆಕ್ಕದ ಪ್ರಕಾರ 12.75 ಕೆಜಿಗೆ ಟಕ್ ಅನ್ನಬೇಕು. ಐದು ಸಲವೂ 12.5ರಿಂದ 13ರ ಒಳಗೇ ಅಂದಿತು. 30ಕ್ಕೆ ಕೂರಿಸಿದಾಗ 7.65ಕ್ಕೆ ಅನ್ನಬೇಕಿತ್ತು, ಅಂದದ್ದು 9 ಕೆಜಿಗೆ. ಅಂದರೆ 35 ನ್ಯೂಟನ್ ಮೀಟರ್! ಕ್ಲಿಕ್ ರೆಂಚನ್ನು ಅದರ ಪೂರ್ತಿ ಅಳತೆಯ ಐದನೇ ಒಂದು ಭಾಗಕ್ಕಿಂತ ಕೆಳಗೆ ನಂಬಬಾರದು ಅಂತ ಹೇಳುವುದು ಇದಕ್ಕೇ. ನನ್ನದಕ್ಕೆ ಆ ಗಡಿ 42. ಎಂ8 ಬೋಲ್ಟಿಗೆ ಈ ದೊಡ್ಡ ರೆಂಚ್ ಬರುವುದಿಲ್ಲ, ಸಣ್ಣದು ಬೇರೆಯೇ ಬೇಕು. ಬೀಮ್ ರೆಂಚನ್ನೂ ಹೀಗೇ ನೋಡಿದೆ. 5 ಕೆಜಿ-ಮೀಟರಿಗೆ ಮುಳ್ಳು ಬಂದಾಗ ತಕ್ಕಡಿ 12.5 ತೋರಿಸಿತು, ಲೆಕ್ಕವೂ ಅಷ್ಟೇ.

ಕ್ಲಿಕ್ ರೆಂಚಿನಲ್ಲಿ ಇನ್ನೆರಡು ಎಚ್ಚರ. ಕೆಲಸ ಮುಗಿದ ಮೇಲೆ ಅತಿ ಕಡಿಮೆ ಅಂಕಿಗೆ ಇಳಿಸಿ ಇಡಿ, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗ್ ಸೋಲುತ್ತದೆ. ಬೋಲ್ಟ್ ಬಿಚ್ಚಲು ಇದನ್ನು ಯಾವತ್ತೂ ಬಳಸಬೇಡಿ.

ಡಿಜಿಟಲ್ ಅಡಾಪ್ಟರ್ ಬಗ್ಗೆ ಜಾಸ್ತಿ ಹೇಳಲು ಇಲ್ಲ. ಅಂಕಿ ಸರಿಯಾಗಿಯೇ ಬಂತು, ಎಳೆದ ಅತಿ ಹೆಚ್ಚು ಬಲವನ್ನು ಹಿಡಿದು ತೋರಿಸುತ್ತದೆ, ಅದು ಒಳ್ಳೆಯದು. ಆದರೆ ರಾಟ್ಚೆಟ್ಟಿಗೂ ಸಾಕೆಟ್ಟಿಗೂ ನಡುವೆ ಕೂರುವುದರಿಂದ ಸುಮಾರು ಎಂಟು ಸೆಂಟಿಮೀಟರ್ ಉದ್ದ ಸೇರುತ್ತದೆ. ಗೇರ್‌ಬಾಕ್ಸಿನ ಮೇಲಿನ ಬೋಲ್ಟುಗಳಿಗೂ ಫ್ಲೋರಿಗೂ ನಡುವೆ ಅಷ್ಟು ಜಾಗ ಇರಲಿಲ್ಲ. ಮಳೆಗಾಲದ ಥಂಡಿಗೆ ಪರದೆಯೊಳಗೆ ಆವಿ ಕಟ್ಟಿತು. ಮೇಜಿನ ಮೇಲೆ ಕೂತು ಕೆಲಸ ಮಾಡುವವರಿಗೆ ಚೆನ್ನಾಗಿದೆ.

ಆ ಮೇಲಿನ ಬೋಲ್ಟುಗಳಿಗೆ ನಾನು ಕ್ರೋಫುಟ್ (ರೆಂಚಿನ ಚೌಕಕ್ಕೆ ಹಾಕುವ, ಬಾಯಿ ತೆರೆದ ಸ್ಪ್ಯಾನರ್ ತಲೆ) ಸಿಕ್ಕಿಸಿ ಕ್ಲಿಕ್ ರೆಂಚಿನಿಂದ ಬಿಗಿದೆ. ಕ್ರೋಫುಟ್ ಅನ್ನು ನೇರ ಮುಂದಕ್ಕೆ ಚಾಚಿ ಹಾಕಿದರೆ ರೆಂಚಿನ ಉದ್ದ ಬದಲಾಗುತ್ತದೆ, ಅಂಕಿಯನ್ನೂ ಇಳಿಸಬೇಕು. ನನ್ನದು 40 ಸೆಂಟಿಮೀಟರ್, ಕ್ರೋಫುಟ್ 4. ಬೋಲ್ಟಿಗೆ 50 ಬೇಕಾದರೆ 50 ಗುಣಿಸು 40 ಭಾಗಿಸು 44, ಅಂದರೆ 45.5ಕ್ಕೆ ಕೂರಿಸಬೇಕು. ಕ್ರೋಫುಟ್ಟನ್ನು ಮೂಲೆಮಟ್ಟಕ್ಕೆ ಅಡ್ಡ ತಿರುಗಿಸಿ ಹಾಕಿದರೆ ಅಂಕಿ ಬದಲಿಸುವುದು ಬೇಡ. ಸಾಕೆಟ್ಟಿಗೆ ಹಾಕುವ ನೇರ ಎಕ್ಸ್‌ಟೆನ್ಷನ್ನಿಗೂ ಈ ಲೆಕ್ಕ ಬೇಡ.

ಇಷ್ಟೆಲ್ಲ ಅಳೆದ ಮೇಲೆ ನನಗೆ ಅತಿ ದೊಡ್ಡ ವ್ಯತ್ಯಾಸ ಕಂಡದ್ದು ರೆಂಚುಗಳ ನಡುವೆ ಅಲ್ಲ, ಥ್ರೆಡ್ಡಿನಲ್ಲಿ. ನಮ್ಮ ಜೀಪು ಮಳೆಗಾಲ ಪೂರ್ತಿ ತೋಟಕ್ಕೆ ಬೋರ್ಡೋ ದ್ರಾವಣದ ಡ್ರಮ್ಮು ಹೊರುತ್ತದೆ. ಮೈಲುತುತ್ತ ತುಳುಕಿ ಕೆಳಗೆ ಸೋರುತ್ತದೆ, ಮೇಲಿಂದ ಹಳ್ಳದ ನೀರು, ಜಂಬಿಟ್ಟಿಗೆಯ ಕೆಂಪು ಕೆಸರು. ಬೋಲ್ಟುಗಳು ಬೇಗ ತುಕ್ಕು ಹಿಡಿಯುತ್ತವೆ. ಹಾಗೆ ತುಕ್ಕು ಹಿಡಿದ ಒಂದು ಎಂ10 ಬೋಲ್ಟು, ವೈರ್ ಬ್ರಷ್ ಹಾಕಿ ಒರೆಸಿದ ಇನ್ನೊಂದು, ಎರಡಕ್ಕೂ ಬೆರಳಲ್ಲಿ ಕೂರಿಸಿ ಹಳದಿ ಪೇಂಟಿನ ಗೆರೆ ಎಳೆದೆ. ಒಂದೇ ರೆಂಚು, ಒಂದೇ 49. ಒರೆಸಿದ್ದು ಟಕ್ ಅನ್ನುವ ಹೊತ್ತಿಗೆ ಹೆಚ್ಚುಕಮ್ಮಿ ಗಡಿಯಾರದಲ್ಲಿ ಹತ್ತು ನಿಮಿಷದಷ್ಟು ತಿರುಗಿತ್ತು. ತುಕ್ಕಿನದ್ದು ನಾಲ್ಕು ನಿಮಿಷದಷ್ಟೂ ಇಲ್ಲ, ಆಗಲೇ ಟಕ್. ನಾವು ಹಾಕುವ ಬಲದಲ್ಲಿ ಒಳ್ಳೆಯ ಬೋಲ್ಟಿನಲ್ಲೂ ಹತ್ತರಲ್ಲಿ ಒಂದು ಭಾಗ ಮಾತ್ರ ಬೋಲ್ಟನ್ನು ಹಿಗ್ಗಿಸಿ ಹಿಡಿತ ಕೊಡುತ್ತದೆ. ಉಳಿದದ್ದು ತಲೆಯ ಕೆಳಗಿನ ಮತ್ತು ಥ್ರೆಡ್ಡಿನ ಉಜ್ಜಾಟಕ್ಕೇ ಹೋಗುತ್ತದೆ. ತುಕ್ಕು ಆ ಒಂದು ಭಾಗವನ್ನೂ ತಿಂದುಬಿಡುತ್ತದೆ. ಆಯಿಲ್ ಹಚ್ಚಿದರೆ ಉಲ್ಟಾ, ಅದೇ ಅಂಕಿಗೆ ಬೋಲ್ಟ್ ಜಾಸ್ತಿ ಹಿಗ್ಗುತ್ತದೆ. ಮ್ಯಾನುಯಲ್ಲಿನಲ್ಲಿ ಆಯಿಲ್ ಅಂತ ಬರೆದಿರದಿದ್ದರೆ ಸ್ವಚ್ಛ, ಒಣ ಥ್ರೆಡ್ಡಿಗೇ ಬಿಗಿಯಿರಿ.

ಇನ್ನೊಂದು, ಗೇರ್‌ಬಾಕ್ಸ್ ಏರಿಸುವಾಗ ಸಂದಿ ಉಳಿದಿದ್ದರೆ ಬೋಲ್ಟ್ ಬಿಗಿದು ಎಳೆದುಕೊಳ್ಳಬೇಡಿ. ಶಾಫ್ಟ್ ಕ್ಲಚ್ ಪ್ಲೇಟಿನ ಹಲ್ಲಿಗೆ, ಪೈಲಟ್ ಬೇರಿಂಗಿಗೆ ಕೂರದೆ ಆ ಸಂದಿ ಇರುತ್ತದೆ. ಬಿಗಿದರೆ ಹೌಸಿಂಗಿನ ಕಿವಿ ಮುರಿಯುತ್ತದೆ. ಯಾವ ರೆಂಚೂ ಇದನ್ನು ಹೇಳಿಕೊಡುವುದಿಲ್ಲ. ಕೈಯಲ್ಲಿ ಅಲುಗಾಡಿಸಿ ಪೂರ್ತಿ ಕೂತ ಮೇಲೆಯೇ ಬೋಲ್ಟ್ ಹಾಕಿ.

ಈಗ ನನ್ನ ಹತ್ತಿರ ಕ್ಲಿಕ್ ರೆಂಚ್ ಕೆಲಸಕ್ಕೆ, ಬೀಮ್ ರೆಂಚ್ ಅದನ್ನು ಪರೀಕ್ಷೆ ಮಾಡಲು. ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮುಂಚೆ, ಎರಡನ್ನೂ ತಕ್ಕಡಿಗೆ ಸಿಕ್ಕಿಸಿ ನೋಡುತ್ತೇನೆ. ಒಂದನ್ನೇ ಕೊಳ್ಳುವುದಾದರೆ, ಮನೆಯಲ್ಲಿ ಜೊತೆಗೆ ಓದುವವರು ಇದ್ದಾರೆ ಅಂದರೆ ಬೀಮ್ ರೆಂಚನ್ನೇ ಕೊಳ್ಳಿ. ಕಡಿಮೆ ಬೆಲೆಗೆ ಸಿಗುತ್ತದೆ, ಮತ್ತೆ ಕೆಟ್ಟರೆ ಮುಳ್ಳೇ ಹೇಳುತ್ತದೆ. ಕ್ಲಿಕ್ ರೆಂಚ್ ತಪ್ಪು ಅಂಕಿಗೂ ಅಷ್ಟೇ ಚೆನ್ನಾಗಿ ಟಕ್ ಅನ್ನುತ್ತದೆ.

ಜೀಪಿನ ಬೋಲ್ಟುಗಳ ಮೇಲೆಲ್ಲ ಹಳದಿ ಗೆರೆ ಎಳೆದಿದ್ದೇನೆ, ತಲೆಯಿಂದ ಹೌಸಿಂಗಿನವರೆಗೆ. ಮದ್ದು ಹೊಡೆದು ಬಂದ ದಿನ ನೀರು ಹಾಕಿ ತೊಳೆಯುವಾಗ ಟಾರ್ಚ್ ಹಿಡಿದು ನೋಡುತ್ತೇನೆ. ಆಗುಂಬೆ ಘಾಟಿಯ 14 ತಿರುವು ಎರಡು ಸಲ ಇಳಿದು ಹತ್ತಿ ಬಂದಾಯಿತು, ಗೆರೆಗಳು ಇನ್ನೂ ಕೂಡಿಕೊಂಡೇ ಇವೆ.