ಲೋಹದ ಬಣ್ಣಕ್ಕೆ ಮುನ್ನ: ಮೈಕ್ರೋ-ಮೆಶ್ ಪ್ಯಾಡ್‌ಗಳ ಒಂದು ಸೆಟ್

ಅಲ್ಯೂಮಿನಿಯಂ ಮೈಯನ್ನು ಹಾಗೆಯೇ ತೆರೆದಿಟ್ಟ ವಿಮಾನಗಳ ಪ್ಲಾಸ್ಟಿಕ್ ಸ್ಕೇಲ್ ಮಾಡೆಲ್ ಕಟ್ಟಲು ಹೊರಟವರು ಮೊದಲು ವಿಚಾರಿಸುವುದು ಯಾವ ಕಂಪನಿಯ ಬೆಳ್ಳಿ ಬಣ್ಣ ಒಳ್ಳೆಯದು ಎಂಬುದನ್ನು. ನಾನೂ ಬಹುಕಾಲ ಅದನ್ನೇ ವಿಚಾರಿಸುತ್ತಿದ್ದೆ. ಬಣ್ಣದ ಶೀಶೆ ಬದಲಾಯಿಸಿದೆ, ಬಣ್ಣ ಸಿಂಪಡಿಸುವ ಏರ್‌ಬ್ರಷ್‌ನ ಸೂಜಿ ಬದಲಾಯಿಸಿದೆ, ಮಾಡೆಲ್ ಮಾತ್ರ ಪ್ರತಿ ಸಲವೂ ಬೂದಿ ಸವರಿದಂತೆ ಮಂಕಾಗಿಯೇ ಉಳಿಯುತ್ತಿತ್ತು. ಹುಳುಕೆಲ್ಲ ಬಣ್ಣದ ಕೆಳಗಿನ ಪ್ಲಾಸ್ಟಿಕ್‌ನಲ್ಲಿತ್ತೆಂದು ಮನದಟ್ಟಾದದ್ದು ಮೈಕ್ರೋ-ಮೆಶ್ ಪ್ಯಾಡ್‌ಗಳನ್ನು ಬಳಸತೊಡಗಿದ ಮೇಲೆ.

ಇವು ಬೆರಳುಗಳ ನಡುವೆ ಹಿಡಿಯುವಷ್ಟು ಚಿಕ್ಕದಾದ, ಮೆತ್ತನೆಯ ಒಡಲಿನ ಉಜ್ಜುವ ಪ್ಯಾಡ್‌ಗಳು. ಪೂರ್ಣ ಸೆಟ್‌ನಲ್ಲಿ 1500ರಿಂದ ಆರಂಭಿಸಿ 1800, 2400, 3200, 3600, 4000, 6000, 8000 ಮತ್ತು 12000ದವರೆಗೆ ಒಂಬತ್ತು ಮೆಟ್ಟಿಲುಗಳಿರುತ್ತವೆ; ಸಂಖ್ಯೆ ಹೆಚ್ಚಿದಷ್ಟೂ ಪ್ಯಾಡ್ ನಯವಾಗುತ್ತದೆ. ಈ ಸಂಖ್ಯೆಗಳನ್ನು ಅಂಗಡಿಯ ಎಮರಿ ಪೇಪರ್‌ನ ಸಂಖ್ಯೆಗಳೊಂದಿಗೆ ಹೋಲಿಸಬಾರದು. ಇಲ್ಲಿನ 1500 ಎಂಬುದು ಎಮರಿ ಪೇಪರ್‌ನ 1500ಕ್ಕಿಂತ ಸಾಕಷ್ಟು ಒರಟಾದದ್ದು. ಇದನ್ನು ತಿಳಿಯದೆ ನಾನು 1000ದ ಎಮರಿ ಪೇಪರ್‌ನಿಂದ ನುಣುಪು ಮಾಡಿದ್ದ ರೆಕ್ಕೆಯ ಮೇಲೆ ನೇರವಾಗಿ 1500ರ ಪ್ಯಾಡ್ ಆಡಿಸಿ, ಮುಗಿದಿದ್ದ ಕೆಲಸವನ್ನು ಮೊದಲಿನಿಂದ ಮಾಡಬೇಕಾಯಿತು.

ಇಷ್ಟೊಂದು ನುಣುಪು ಏಕೆ ಬೇಕೆಂಬ ಪ್ರಶ್ನೆಗೆ ಉತ್ತರ ಲೋಹದ ಬಣ್ಣದ ಗುಣದಲ್ಲಿಯೇ ಇದೆ. ಅದರೊಳಗೆ ಲೋಹದ ಅತಿ ಸಣ್ಣ ಚಕ್ಕೆಗಳಿರುತ್ತವೆ. ಅವು ಮೇಲ್ಮೈಗೆ ಒತ್ತಿಕೊಂಡು ಚಪ್ಪಟೆಯಾಗಿ ಮಲಗಿದಾಗ ಬೆಳಕು ಒಂದೇ ದಿಕ್ಕಿಗೆ ಮರಳಿ ಕನ್ನಡಿಯ ಮೆರುಗು ಬರುತ್ತದೆ, ಕೆಳಗೆ ಗೀರುಗಳಿದ್ದರೆ ಚಕ್ಕೆಗಳೂ ಅಡ್ಡಾದಿಡ್ಡಿಯಾಗಿ ಕುಳಿತು ಬೆಳಕನ್ನು ಚೆದುರಿಸುತ್ತವೆ. ಸಾಲದ್ದಕ್ಕೆ ಈ ಬಣ್ಣವನ್ನು ತೀರಾ ತೆಳುವಾಗಿ ಹೊಡೆಯಬೇಕು, ಆದ್ದರಿಂದ ಅದು ಯಾವ ಗೀರನ್ನೂ ತುಂಬುವುದಿಲ್ಲ. ಹಸಿರು ಅಥವಾ ಬೂದು ಬಣ್ಣದ ಕೆಳಗೆ ಕಾಣಿಸದೇ ಹೋಗುವ ಗೀರು ಇಲ್ಲಿ ಬಯಲಾಗುತ್ತದೆ.

ನಾನು ಈ ಸೆಟ್ಟನ್ನು ಸರಿಯಾಗಿ ಪರೀಕ್ಷಿಸಿದ್ದು 1/48 ಪ್ರಮಾಣದ ಎಫ್-86 ಸೇಬರ್ ಜೆಟ್ ಯುದ್ಧವಿಮಾನದ ಮಾಡೆಲ್ ಮೇಲೆ. ವಿಮಾನದ ಒಡಲಿನ ಎರಡು ಅರ್ಧಗಳು ಬೆನ್ನಿನುದ್ದಕ್ಕೂ ಸೇರುವ ಗೆರೆಯೇ ಇಲ್ಲಿ ದೊಡ್ಡ ತಲೆನೋವು. ಆ ಗೆರೆಯನ್ನು ದ್ರಾವಕ ಬೆರೆತ ಪುಟ್ಟಿಯಿಂದ ತುಂಬಿದರೆ ಅದು ದಿನ ಕಳೆದಂತೆ ಕುಗ್ಗಿ ತಗ್ಗು ಬೀಳುವುದುಂಟು. ಅದಕ್ಕಾಗಿ ಸೂಪರ್ ಗ್ಲೂ ತುಂಬಿ, ಅದು ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗುವ ಮೊದಲೇ, ಅಂದರೆ ಅದೇ ದಿನ, ಉಜ್ಜಿ ಮಟ್ಟ ಮಾಡಿದೆ. ಅನಂತರ ಒಂದು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿದ ನೀರಿನಲ್ಲಿ ಪ್ಯಾಡನ್ನು ಅದ್ದಿ, ಒಂದು ಹಂತದಲ್ಲಿ ಉದ್ದಕ್ಕೆ ಉಜ್ಜಿದರೆ ಮುಂದಿನದರಲ್ಲಿ ಅಡ್ಡಕ್ಕೆ ಉಜ್ಜುತ್ತ ಹೋದೆ. ಹೀಗೆ ಮಾಡಿದರೆ ಹಿಂದಿನ ಹಂತದ ಗೀರುಗಳು ಇನ್ನೂ ಉಳಿದಿವೆಯೇ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. 3200 ಮುಗಿಯುವ ಹೊತ್ತಿಗೆ ಮೇಜಿನ ದೀಪದ ಬೆಳಕು ಸೇಬರ್‌ನ ಬೆನ್ನಿನ ಮೇಲೆ ಮಸುಕಾದ ಪಟ್ಟಿಯಾಗಿ ಮೂಡಿತು. ಒಡಲನ್ನು ನಿಧಾನವಾಗಿ ಹೊರಳಿಸಿದಾಗ ಆ ಪಟ್ಟಿ ಒಂದು ಕಡೆ ಕೂದಲೆಳೆಯಷ್ಟು ಮುರಿದಂತೆ ಕಂಡಿತು. ಉಗುರಿಗೂ ಸಿಗದಿದ್ದ ತಗ್ಗು ಅದು. ಅಲ್ಲಿಗೆ ಮತ್ತೊಮ್ಮೆ ಅಂಟು ತುಂಬಿದೆ.

ಪ್ಲಾಸ್ಟಿಕ್ ಮೇಲೆ ನಾನು 4000ಕ್ಕೆ ನಿಲ್ಲಿಸುತ್ತೇನೆ. ಅದರಾಚೆಗಿನ ನುಣುಪನ್ನು ಹೇಗೂ ಮೇಲೆ ಬರುವ ಪ್ರೈಮರ್, ಅಂದರೆ ಬಣ್ಣ ಹಿಡಿಯಲೆಂದು ಮೊದಲು ಹೊಡೆಯುವ ಪದರ, ಮುಚ್ಚಿಬಿಡುವುದರಿಂದ ಅದು ವ್ಯರ್ಥ ಶ್ರಮ. 6000ದಿಂದ 12000ದವರೆಗಿನ ಪ್ಯಾಡ್‌ಗಳ ನಿಜವಾದ ಕೆಲಸ ಹೊಳಪಿನ ಕಪ್ಪು ತಳಬಣ್ಣ ಹೊಡೆದ ಮೇಲೆ ಶುರುವಾಗುತ್ತದೆ. ಲೋಹದ ಬಣ್ಣ ತಯಾರಿಸುವ ಕಂಪನಿ ಆಲ್‌ಕ್ಲಾಡ್‌ನ ಕ್ರೋಮ್ ಅಥವಾ ಪಾಲಿಷ್ಡ್ ಅಲ್ಯೂಮಿನಿಯಂನಂತಹ ಹೆಚ್ಚು ಮಿಂಚುವ ಬಣ್ಣಗಳು ಈ ಕಪ್ಪಿನ ಮೇಲೆಯೇ, ಗಾಳಿಯ 12ರಿಂದ 15 ಪಿಎಸ್‌ಐ ಒತ್ತಡದಲ್ಲಿ, ತೆಳುವಾಗಿ ಬೀಳಬೇಕು. ಕಪ್ಪು ಬಣ್ಣದಲ್ಲಿ ಸಿಕ್ಕಿಬಿದ್ದ ಧೂಳಿನ ಕಣವನ್ನು 6000ದ ಪ್ಯಾಡ್ ತೆಗೆಯುತ್ತದೆ, ಉಳಿದೆರಡು ಹೊಳಪನ್ನು ಮರಳಿ ತರುತ್ತವೆ. ತಳಬಣ್ಣ ಪೂರ್ತಿ ಒಣಗಿರಬೇಕೆಂಬುದು ಮಾತ್ರ ಕಡ್ಡಾಯ. ಮೂಗಿನ ಹತ್ತಿರ ಹಿಡಿದಾಗ ದ್ರಾವಕದ ವಾಸನೆ ಇನ್ನೂ ಬರುತ್ತಿದ್ದರೆ ಮುಟ್ಟಬಾರದು. ಎನಾಮಲ್ ಆದರೆ ಕೆಲವು ದಿನಗಳೇ ಬೇಕು. ಈ ಹಂತದಿಂದ ಮುಂದೆ ನಾನು ಕೈಗವಸು ತೆಗೆಯುವುದಿಲ್ಲ, ಏಕೆಂದರೆ ಬೆರಳಿನ ಎಣ್ಣೆಯ ಗುರುತು ಕೂಡ ಬೆಳ್ಳಿಯ ಕೆಳಗಿಂದ ಇಣುಕುತ್ತದೆ.

ಇವುಗಳ ಮಿತಿಯನ್ನೂ ಹೇಳಬೇಕು. ಮೆತ್ತನೆಯ ಒಡಲು ದುಂಡು ಭಾಗಗಳಿಗೆ ಒಗ್ಗಿಕೊಳ್ಳುವುದೇನೋ ನಿಜ, ಆದರೆ ರೆಕ್ಕೆಯ ಚೂಪಾದ ಅಂಚಿನಲ್ಲಿ ತುಸು ಒತ್ತಿದರೂ ಅಂಚು ಮೊಂಡಾಗುತ್ತದೆ, ತಳಬಣ್ಣವಿದ್ದರೆ ಅದು ಕಿತ್ತು ಪ್ಲಾಸ್ಟಿಕ್ ಕಾಣುತ್ತದೆ. ಉಬ್ಬಿದ ರಿವೆಟ್‌ಗಳಿರುವ ಮಾಡೆಲ್‌ಗಂತೂ ನಾನು ಇವನ್ನು ಶಿಫಾರಸು ಮಾಡುವುದಿಲ್ಲ. ಪುಟ್ಟಿಯ ಪುಡಿ ಒರಟು ಪ್ಯಾಡ್‌ಗಳಲ್ಲಿ ಬೇಗ ತುಂಬಿಕೊಳ್ಳುತ್ತದೆ, ಆದ್ದರಿಂದ ಆಗಾಗ ತೊಳೆಯುತ್ತಿರಬೇಕು. ಎಲ್ಲ ಕಡೆಯೂ ಒಂದೇ ಕನ್ನಡಿ ಮೆರುಗು ಬೇಕೆಂಬ ಹಟವೂ ಸರಿಯಲ್ಲ: ಎರಡನೇ ಮಹಾಯುದ್ಧದ ಯುದ್ಧವಿಮಾನ ಪಿ-51 ಮಸ್ಟಾಂಗ್‌ನ ಒಡಲು ಬರಿ ಲೋಹವಾಗಿದ್ದರೂ, ಗಾಳಿ ಸರಾಗವಾಗಿ ಹರಿಯಲೆಂದು ಅದರ ರೆಕ್ಕೆಯ ರಿವೆಟ್‌ಗಳನ್ನು ಕಾರ್ಖಾನೆಯಲ್ಲೇ ಪುಟ್ಟಿಯಿಂದ ಮುಚ್ಚಿ ಬೆಳ್ಳಿ ಬಣ್ಣ ಹೊಡೆಯುತ್ತಿದ್ದರು. ಅಂತಹ ರೆಕ್ಕೆಗೆ ಕಪ್ಪು ತಳಬಣ್ಣದ ಬದಲು ಬೂದು ಪ್ರೈಮರ್ ಸಾಕು, 4000ದ ಪ್ಯಾಡ್ ಸಾಕು.

ಇದೇ ಪ್ಯಾಡ್‌ಗಳು ನಿಜವಾದ ವಿಮಾನಗಳ ಅಕ್ರಿಲಿಕ್ ಕಿಟಕಿಗಳ ಗೀರು ತೆಗೆಯಲೂ ಬಳಕೆಯಾಗುತ್ತವೆ. ಸೇಬರ್‌ನ ಮಾಡೆಲ್‌ನಲ್ಲಿ ಪೈಲಟ್ ಕೂರುವ ಜಾಗದ ಪಾರದರ್ಶಕ ಮೇಲ್ಮುಸುಕಿನ ನಡುವೆ ಅಚ್ಚಿನ ಗೆರೆಯೊಂದು ಎದ್ದಿತ್ತು. ಬ್ಲೇಡಿನಿಂದ ಹೆರೆದು, 2400ರಿಂದ 12000ದವರೆಗೆ ಒಂದನ್ನೂ ಬಿಡದೆ ಉಜ್ಜಿದ ಮೇಲೆ, ಆ ಗೆರೆ ಎಲ್ಲಿತ್ತೆಂದು ಈಗ ನನಗೂ ಹುಡುಕಲಾಗುತ್ತಿಲ್ಲ.