ನೀಲಿ ಟ್ಯೂಬಿನ ಸೊಳ್ಳೆ ಯಂತ್ರ: ತೋಟದ ಮನೆಗೆ ಇದು ಬೇಡ

ಎರಡು ನೀಲಿ ಟ್ಯೂಬು, ಸುತ್ತ ಕರೆಂಟು ಹರಿಯುವ ತಂತಿ ಬಲೆ, ಕೆಳಗೆ ಸತ್ತ ಹುಳ ಬೀಳುವ ತಟ್ಟೆ. ಬೇಕರಿಗಳಲ್ಲಿ ಚಟ್ ಚಟ್ ಅನ್ನುತ್ತಾ ಉರಿಯುವುದನ್ನು ನೀವೂ ನೋಡಿರುತ್ತೀರಿ. ಕಳೆದ ಮಳೆಗಾಲದಲ್ಲಿ ಸುಳ್ಯದ ನಮ್ಮ ತೋಟದ ಮನೆಗೂ ಇದು ಬಂತು. ಸುತ್ತಮುತ್ತ ಡೆಂಗಿ ಜ್ವರ ಜಾಸ್ತಿಯಾಗಿತ್ತು, ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ ಎಂದು ನನ್ನ ಮೈದುನ ಕಾಳಜಿಯಿಂದ ತಂದು ಜಗಲಿಯಲ್ಲಿ ತೂಗುಹಾಕಿಕೊಟ್ಟ. ಬೆಲೆ 1,500 ರೂಪಾಯಿ ಆಸುಪಾಸು. ಕಂಪನಿಯ ಹೆಸರು ಹೇಳುವುದಿಲ್ಲ. ಈ ಬಗೆಯ ಯಂತ್ರಗಳೆಲ್ಲ ಕೆಲಸ ಮಾಡುವುದು ಒಂದೇ ರೀತಿ, ಹಾಗಾಗಿ ನಾನು ಬರೆಯುವುದು ಎಲ್ಲದಕ್ಕೂ ಅನ್ವಯಿಸುತ್ತದೆ.

ಮೈಕಟ್ಟು ಚೆನ್ನಾಗಿದೆ. ತಟ್ಟೆ ಸಲೀಸಾಗಿ ಹೊರಗೆ ಬರುತ್ತದೆ, ಕರೆಂಟೂ ಜಾಸ್ತಿ ತಿನ್ನುವುದಿಲ್ಲ. ಆದರೆ ಸೊಳ್ಳೆ ಕೊಲ್ಲುತ್ತದಾ ಅನ್ನುವುದು ತಾನೇ ಮುಖ್ಯ?

ಮೊದಲ ಬೆಳಿಗ್ಗೆ ಅತ್ತೆ ಕರೆದು ತೋರಿಸಿದರು, "ನೋಡು, ತಟ್ಟೆ ತುಂಬ ಸೊಳ್ಳೆ." ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದವಳು, ಹುಳ ಕಂಡರೆ ಮಸೂರ ಹಿಡಿಯುವುದು ಅಭ್ಯಾಸ. ತಟ್ಟೆಯನ್ನು ಹಳೇ ಪೇಪರಿನ ಮೇಲೆ ಕವುಚಿ, ಕಡ್ಡಿಯಲ್ಲಿ ಬಿಡಿಸುತ್ತಾ ನೋಡಿದೆ. ಸೊಳ್ಳೆಯಂತೆ ಕಂಡವುಗಳಲ್ಲಿ ಹೆಚ್ಚಿನವು ಸೊಳ್ಳೆಗಳೇ ಅಲ್ಲ, ಕಚ್ಚದ ನೊರಜುಗಳು. ಕಾಲು ಉದ್ದ, ಮೈ ಸಪೂರ, ಗಂಡಿಗೆ ಗರಿಯಂಥ ಮೀಸೆ. ಆದರೆ ಮುಂದಕ್ಕೆ ಚಾಚಿದ ಸೂಜಿಯಂಥ ಸೊಂಡಿಲು ಇಲ್ಲ. ಸೊಳ್ಳೆಗೆ ಅದು ಇದ್ದೇ ಇರುತ್ತದೆ. ಒಮ್ಮೆ ನೋಡಿ ಕಲಿತರೆ ಮತ್ತೆ ತಪ್ಪುವುದಿಲ್ಲ, ನಿಮ್ಮ ತಟ್ಟೆಯನ್ನೂ ಹೀಗೆ ನೋಡಿ.

ಉಳಿದಿದ್ದು ಏನು? ಸುಟ್ಟ ರೆಕ್ಕೆಯ ಪತಂಗಗಳು, ಸಗಣಿ ಉರುಳಿಸಿ ಮಣ್ಣಿಗೆ ಸೇರಿಸುವ ದುಂಬಿಗಳು, ರೆಕ್ಕೆ ಬಂದ ಗೆದ್ದಲು, ಜಿಗಿಹುಳು, ತೋಡಿನ ನೀರಲ್ಲಿ ಬೆಳೆದು ಮೇಲೆ ಬಂದ ಪುಟ್ಟ ನೀರುಹುಳುಗಳು. ಕಿತ್ತಳೆ ಬಣ್ಣದ, ಉದ್ದ ಮೀಸೆಯ ಒಂದು ಕಣಜವೂ ಇತ್ತು. ಅದು ಕಂಬಳಿಹುಳದ ಮೈಗೆ ಮೊಟ್ಟೆ ಇಟ್ಟು, ತೋಟಕ್ಕೆ ಔಷಧಿ ಹೊಡೆಯುವ ಕೆಲಸವನ್ನು ಉಳಿಸುವ ಜೀವಿ. ಹಸಿರು ಜಾಲರಿ ರೆಕ್ಕೆಯ ಹುಳವೊಂದು ಮುಟ್ಟಿದರೆ ಪುಡಿಯಾಯಿತು. ಅದರ ಮರಿಗಳ ಊಟವೇ ಗಿಡದ ಹೇನು. ನಿಜವಾದ ಸೊಳ್ಳೆ ಬೆರಳೆಣಿಕೆಯಷ್ಟು. ಮತ್ತೆ ಯಾವಾಗ ನೋಡಿದರೂ ಇದೇ ಕತೆ.

ಇದು ನಮ್ಮ ಜಗಲಿಯ ಮಾತು ಮಾತ್ರ ಅಲ್ಲ. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದವರು ಇಂಥ ಯಂತ್ರಗಳಲ್ಲಿ ಸತ್ತ ಹುಳಗಳನ್ನು ಎಣಿಸಿ 1996ರಲ್ಲಿ ಪ್ರಕಟಿಸಿದ ಲೆಕ್ಕವಿದೆ. ಒಟ್ಟು 13,789 ಹುಳ. ಅದರಲ್ಲಿ ಕಚ್ಚುವ ಜಾತಿಯವು 31. ಹೆಚ್ಚುಕಮ್ಮಿ ಅರ್ಧದಷ್ಟು ಹತ್ತಿರದ ಹೊಳೆಗಳಿಂದ ಹಾರಿಬಂದ, ಯಾರಿಗೂ ಕಚ್ಚದ ನೀರುಹುಳುಗಳು.

ಕಾರಣ ಸರಳ. ಹೆಣ್ಣು ಸೊಳ್ಳೆ ನಮ್ಮನ್ನು ಹುಡುಕುವುದು ಉಸಿರಿನ ಇಂಗಾಲದ ಡೈಆಕ್ಸೈಡ್, ಬೆವರಿನ ವಾಸನೆ, ಮೈಯ ಬಿಸಿ ಹಿಡಿದು. ಪಕ್ಕದಲ್ಲಿ ನಾವೇ ಕೂತಿರುವಾಗ ನೀಲಿ ಟ್ಯೂಬು ಅದಕ್ಕೆ ಯಾಕೆ ಬೇಕು? ಸೊಳ್ಳೆ ಅಧ್ಯಯನ ಮಾಡುವವರು ಕೂಡ ದೀಪದ ಬೋನಿಗೆ ಜತೆಯಲ್ಲಿ ಡ್ರೈ ಐಸ್, ಅಂದರೆ ಗಟ್ಟಿಯಾಗಿಸಿದ ಇಂಗಾಲದ ಡೈಆಕ್ಸೈಡ್ ಇಡುತ್ತಾರೆ. ಅದರಿಂದ ಹೊರಡುವ ಗ್ಯಾಸಿಗೆ ಸೊಳ್ಳೆ ಬರುತ್ತದೆ.

ಇನ್ನೂ ದೊಡ್ಡ ವಿಷಯ, ನಮ್ಮ ಕಡೆ ತೋಟಗಳಲ್ಲಿ ಡೆಂಗಿ ಹರಡುವ ಈಡಿಸ್ ಅಲ್ಬೊಪಿಕ್ಟಸ್ ಎಂಬ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಕಪ್ಪು ಮೈ, ಕಾಲಿಗೆ ಬಿಳಿ ಪಟ್ಟೆ, ಬೆನ್ನ ನಡುವೆ ಒಂದೇ ಒಂದು ಬಿಳಿ ಗೆರೆ. ಅಡಿಕೆ ಹೆಕ್ಕಲು ಬಗ್ಗಿದಾಗ ಮೊಣಕಾಲ ಹಿಂದೆ ಕೂರುವುದು ಇದೇ. ರಾತ್ರಿ ಜಗಲಿಯಲ್ಲಿ ಉರಿಯುವ ಟ್ಯೂಬಿಗೂ ಇದಕ್ಕೂ ಸಂಬಂಧವೇ ಇಲ್ಲ.

ಈ ಸೊಳ್ಳೆ ಹುಟ್ಟುವುದು ಬಿದ್ದ ಅಡಿಕೆ ಹಾಳೆಯಲ್ಲಿ ನಿಂತ ನೀರಲ್ಲಿ, ರಬ್ಬರ್ ಹಾಲಿಗೆ ಕಟ್ಟಿದ ಗೆರಟೆಯಲ್ಲಿ, ತಿಂದು ಎಸೆದ ಕೊಕ್ಕೊ ಕಾಯಿಯ ಚಿಪ್ಪಿನಲ್ಲಿ. ಹಾಳೆಯನ್ನು ಕವುಚಿ ಹಾಕಬೇಕು ಅಥವಾ ಎಳೆದು ತಂದು ಒಂದು ಕಡೆ ಒಣಗಿಸಬೇಕು. ಟ್ಯಾಪಿಂಗ್ ನಿಂತ ಮೇಲೆ ಗೆರಟೆಗಳನ್ನು ತಲೆಕೆಳಗು ಮಾಡಬೇಕು. ಮೊಟ್ಟೆ ಸೊಳ್ಳೆಯಾಗಲು ಮಳೆಗಾಲದಲ್ಲಿ ಎಂಟು-ಹತ್ತು ದಿನ ಸಾಕು. ಹಾಗಾಗಿ ವಾರಕ್ಕೊಮ್ಮೆ ಮಾಡಲೇಬೇಕು, ತಪ್ಪಿಸಬಾರದು. ಒಣಗಿದ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ, ಆದ್ದರಿಂದ ನೀರು ಚೆಲ್ಲಿ ಸುಮ್ಮನಾಗದೆ ಬಕೆಟು, ಡ್ರಮ್ಮುಗಳ ಒಳಬದಿಯನ್ನು ತಿಕ್ಕಿ ತೊಳೆಯಬೇಕು. ಇದಕ್ಕೆ 1,500 ರೂಪಾಯಿ ಬೇಡ. ಬೇಕಾಗಿರುವುದು ಭಾನುವಾರದ ಒಂದು ಗಂಟೆ.

ಸೊಳ್ಳೆಗಳಲ್ಲೂ ಎಲ್ಲವೂ ಒಂದೇ ಅಲ್ಲ, ಗೊತ್ತಾ? ಪಶ್ಚಿಮ ಘಟ್ಟದ ಮರದ ಪೊಟರೆಗಳಲ್ಲಿ ಟಾಕ್ಸೊರಿಂಕೈಟಿಸ್ ಎಂಬ ದೊಡ್ಡ ಸೊಳ್ಳೆ ಇದೆ. ನೀಲಿ-ಹಸಿರು ಹೊಳಪು, ಬಾಗಿದ ಸೊಂಡಿಲು. ಹೂವಿನ ರಸ ಕುಡಿಯುತ್ತದೆ, ಯಾರ ರಕ್ತವನ್ನೂ ಹೀರುವುದಿಲ್ಲ. ಅದರ ಮರಿಗಳು ಬೇರೆ ಸೊಳ್ಳೆಯ ಮರಿಗಳನ್ನು ತಿಂದು ಬೆಳೆಯುತ್ತವೆ. ಇಷ್ಟೆಲ್ಲ ಬಗೆ ಇರುವ ಊರಿನಲ್ಲಿ ಸಿಕ್ಕಿದ್ದನ್ನೆಲ್ಲ ಸುಡುವ ಯಂತ್ರ ಇಡುವುದು ನನಗೆ ನಿಜವಾಗಿ ನೋವಿನ ಸಂಗತಿ.

ನೀಲಿ ಬೆಳಕಿಗೆ ಒಳ್ಳೆಯ ಉಪಯೋಗವೂ ಇದೆ. ತಂತಿ ಬಲೆ ಇಲ್ಲದ ಬರೀ ಟ್ಯೂಬು ಬೇರೆಯಾಗಿ ಸಿಗುತ್ತದೆ. ಮಳೆ ಬಿಟ್ಟ ರಾತ್ರಿ ಅಂಗಳದಲ್ಲಿ ಬಿಳಿ ಪಂಚೆ ಕಟ್ಟಿ ಅದರ ಮುಂದೆ ಉರಿಸಿ. ಭಾರತದಲ್ಲಿ ಪತಂಗಗಳೇ 10 ಸಾವಿರಕ್ಕೂ ಹೆಚ್ಚು ಜಾತಿ. ಒಣಗಿದ ಎಲೆಯಂಥದ್ದು, ಹಕ್ಕಿ ಹಿಕ್ಕೆಯಂಥದ್ದು, ಗಾಜಿನಂಥ ರೆಕ್ಕೆಯದ್ದು ಎಲ್ಲ ಬಂದು ಕೂರುತ್ತವೆ. ಫೋಟೊ ತೆಗೆದು, ಒಂದೆರಡು ಗಂಟೆಯಲ್ಲಿ ದೀಪ ಆರಿಸಿದರೆ ಅವು ತಮ್ಮ ಪಾಡಿಗೆ ಹೋಗುತ್ತವೆ. ನಮ್ಮ ಪಕ್ಕದ ಮನೆಯ ಮಕ್ಕಳು ಈಗ ನನಗಿಂತ ಚೆನ್ನಾಗಿ ಗುರುತಿಸುತ್ತಾರೆ.

ಅತ್ತೆಗೆ ಜಗಲಿಯಲ್ಲಿ ಟೇಬಲ್ ಫ್ಯಾನ್ ಇಟ್ಟಿದ್ದೇವೆ. ಸೊಳ್ಳೆ ಬಲವಾಗಿ ಹಾರುವ ಹುಳ ಅಲ್ಲ, ಗಾಳಿಗೆ ನಿಲ್ಲುವುದಿಲ್ಲ. ಮಧ್ಯಾಹ್ನ ಮಲಗುವಾಗಲೂ ಸೊಳ್ಳೆಪರದೆ ಕಟ್ಟುತ್ತೇವೆ.

ಈಗಾಗಲೇ ಯಂತ್ರ ಕೊಂಡವರು ಹೊರಗಿನಿಂದ ಬೆಳಕು ಕಾಣದ ಒಳಕೋಣೆಯಲ್ಲಿ, ಹಲಸಿನ ಕಾಲದಲ್ಲಿ ಮನೆನೊಣಕ್ಕೆ ಹಗಲು ಹೊತ್ತು ಉರಿಸಬಹುದು. ನೊಣಗಳು ಈ ಬೆಳಕಿಗೆ ಬರುತ್ತವೆ. ಒಲೆ, ಊಟದ ಜಾಗದಿಂದ ದೂರ ಇಡಿ. ಹುಳ ಸಿಡಿದಾಗ ಚೂರುಗಳು ಸುತ್ತ ಹಾರುತ್ತವೆ. ಹೋಟೆಲು ನಡೆಸುವವರಾದರೆ ತಂತಿ ಬಲೆಯದ್ದು ಬಿಟ್ಟು ಅಂಟುಹಾಳೆಯ ಮಾದರಿ ಕೇಳಿ. ತಟ್ಟೆ ತೊಳೆಯುವ ಮೊದಲು ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಡಿ, ಬಲೆಯಲ್ಲಿ ಕರೆಂಟು ಉಳಿದಿರುತ್ತದೆ.