ಗೇಜಿನ ರಬ್ಬರ್ ಕವರಿಗೆ ಅಂಟು ಹಾಕಿಸಬೇಡಿ

ಉಡುಪಿ, ಮಂಗಳೂರು ಕಡೆ ಸ್ವಂತ ಸ್ಕೂಬಾ (ಸಿಲಿಂಡರಿನ ಗಾಳಿ ಉಸಿರಾಡುತ್ತ ನೀರಿನಡಿ ಈಜುವ) ಸಲಕರಣೆ ಇಟ್ಟುಕೊಂಡಿರುವವರೆಲ್ಲ ದಯವಿಟ್ಟು ತಮ್ಮ ಪ್ರೆಶರ್ ಗೇಜಿನ ಕವರನ್ನು ಒಮ್ಮೆ ಬಿಚ್ಚಿ ನೋಡಿ. ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಎಂದು ಹೇಳುವುದು ಆ ಗೇಜ್. ಅದಕ್ಕೆ ಪೆಟ್ಟು ಬೀಳದಿರಲಿ ಎಂದು ಹಾಕುವ ರಬ್ಬರ್ ಕವರೇ ಅದನ್ನು ಹಾಳು ಮಾಡಿದ್ದನ್ನು ನಾನು ನೇತ್ರಾಣಿ ದ್ವೀಪಕ್ಕೆ ಹೋದ ದೋಣಿಯಲ್ಲಿ ಕಣ್ಣಾರೆ ಕಂಡೆ.

ಹಳೆಯ ಕವರ್ ಹರಿದಿದ್ದರಿಂದ ಮಳೆಗಾಲದ ಬಿಡುವಿನಲ್ಲಿ ಗೇಜನ್ನು ಮಂಗಳೂರಿನ ಒಂದು ಅಂಗಡಿಗೆ ಕೊಟ್ಟಿದ್ದೆ. ಹೊಸ ಕವರ್ ಅಳತೆಗೆ ತುಸು ದೊಡ್ಡದಿತ್ತು ಎಂದು ಕಾಣುತ್ತದೆ, ಅಂಗಡಿಯವರು ಒಳಗೆಲ್ಲ ಅಂಟು ಬಳಿದು ಕೂರಿಸಿದ್ದರು. ಅದನ್ನು ನನಗೆ ಹೇಳಲೇ ಇಲ್ಲ. "ಇನ್ನು ಇದು ಅಲ್ಲಾಡುವುದಿಲ್ಲ ಮಾರಾಯರೇ" ಎಂದು ಕೈಗಿಟ್ಟರು. ನೋಡಲು ಅಚ್ಚುಕಟ್ಟಾಗಿಯೇ ಇತ್ತು.

ಅಕ್ಟೋಬರಿನಲ್ಲಿ ಕಡಲು ತಿಳಿಯಾದ ಮೇಲೆ ಕಾಪುವಿನಲ್ಲಿ ಇಳಿದಾಗ ಏನೂ ತೊಂದರೆಯಾಗಲಿಲ್ಲ. ಬೇಸಿಗೆಯ ಹೊತ್ತಿಗೆ ಮುರುಡೇಶ್ವರದಿಂದ ನೇತ್ರಾಣಿಗೆ ಹೋದೆವು. ದೋಣಿಯಲ್ಲಿ ಸಿಲಿಂಡರ್ ತೆರೆದ ಕೂಡಲೇ ಗಾಳಿ ತರುವ ಹೋಸ್ ಬಂದು ಸೇರುವ ಗೇಜಿನ ಕತ್ತಿನಿಂದ ಸುಯ್ಯೆಂದು ಗಾಳಿ ಸೋರಿತು. ನಮ್ಮನ್ನು ಕರೆದೊಯ್ದಿದ್ದ ಡೈವ್ ಮಾಸ್ಟರ್ ತಕ್ಷಣ ವಾಲ್ವ್ ಮುಚ್ಚಿ, ಒತ್ತಡವನ್ನೆಲ್ಲ ಹೊರಬಿಟ್ಟು, ಕವರನ್ನು ಬ್ಲೇಡಿನಿಂದ ಸೀಳಿದರು. ಒಳಗೆ ಹಳದಿಗಟ್ಟಿದ ಅಂಟು, ಅದರ ನಡುವೆ ಬಿಳಿಯ ಉಪ್ಪಿನ ಹರಳು. ಹಿತ್ತಾಳೆಯ ಕತ್ತಿನ ಸುತ್ತ ದಪ್ಪಗೆ ಹಸಿರು ಕಿಲುಬು. ಉಗುರಿನಿಂದ ಕೆರೆದರೆ ಹಿತ್ತಾಳೆಯೇ ಪುಡಿಯಾಗಿ ಉದುರುತ್ತಿತ್ತು. ಅಂಟು ಬದಿಗಳನ್ನು ಮುಚ್ಚಿತ್ತೇ ಹೊರತು ಹೋಸ್ ಒಳಬರುವ ಸಂದನ್ನಲ್ಲ. ಅಲ್ಲಿಂದ ನುಗ್ಗಿದ ಉಪ್ಪುನೀರಿಗೆ ಹೊರಬರಲು ದಾರಿಯಿರಲಿಲ್ಲ. ಪ್ರತಿಸಲ ಸಿಹಿನೀರಿನಲ್ಲಿ ತೊಳೆದದ್ದು ಹೊರಗಿನ ರಬ್ಬರಿಗಷ್ಟೇ ತಾಗಿದೆ.

ನನ್ನನ್ನು ನಿಜಕ್ಕೂ ಹೆದರಿಸಿದ್ದು ಕಿಲುಬಲ್ಲ. ಗೇಜಿನ ಡಬ್ಬಿಯಲ್ಲಿ, ಸಾಮಾನ್ಯವಾಗಿ ಹಿಂಬದಿಯಲ್ಲಿ, ಒತ್ತಡ ಹೊರಬಿಡುವ ಸಣ್ಣ ಬಿರಡೆಯೊಂದು ಇರುತ್ತದೆ. ಸಿಲಿಂಡರಿನ ಸುಮಾರು 200 ಬಾರ್ ಒತ್ತಡವನ್ನು ತಡೆಯುವುದು ಒಳಗಿನ ಬಾಗಿದ ಲೋಹದ ನಳಿಕೆ ಮಾತ್ರ, ಡಬ್ಬಿಯಲ್ಲ. ನಳಿಕೆ ಬಿರುಕುಬಿಟ್ಟರೆ ಗಾಳಿ ಡಬ್ಬಿಯೊಳಗೆ ತುಂಬುತ್ತದೆ, ಆಗ ಬಿರಡೆ ಹಾರಿ ಗಾಳಿ ಹೊರಹೋಗಬೇಕು. ನನ್ನ ಗೇಜಿನಲ್ಲಿ ಆ ಬಿರಡೆ ಅಂಟಿನಡಿ ಹೂತುಹೋಗಿತ್ತು. ಅಂದು ಸೋರಿದ್ದು ಕತ್ತಿನ ಓ-ರಿಂಗ್, ಅಂದರೆ ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ. ನಳಿಕೆಯೇ ಒಡೆದಿದ್ದರೆ ಸಿಡಿಯುತ್ತಿದ್ದದ್ದು ಮುಂದಿನ ಗಾಜು. ಸಿಲಿಂಡರ್ ತೆರೆಯುವಾಗ ಗೇಜಿನ ಮುಖವನ್ನು ನಿಮ್ಮ ಕಡೆಗೂ ಪಕ್ಕದವರ ಕಡೆಗೂ ಹಿಡಿಯಬೇಡಿ ಎಂದು ತರಬೇತಿಯಲ್ಲಿ ಹೇಳಿಕೊಡುವುದು ಇದಕ್ಕೇ.

ಕವರ್ ಕೂರಿಸಲು ಅಂಟು ಬೇಕಾಗಿಯೇ ಇಲ್ಲ. ನಿಮ್ಮ ಗೇಜಿನ ಅಳತೆಗೇ ಮಾಡಿದ ಕವರ್ ತರಿಸಿ, ಮೆತ್ತಗಾಗುವವರೆಗೆ ಬಿಸಿನೀರಿನಲ್ಲಿಡಿ. ನೀರು ಕುದಿಯುತ್ತಿರಬಾರದು. ಒಳಬದಿಗೆ ಸೋಪಿನ ನೀರು ಸವರಿ ಬೆರಳಿನಿಂದ ಅಂಚನ್ನು ಮಗುಚುತ್ತ ಹೋದರೆ ಕವರ್ ತಾನೇ ಜಾರಿ ಕೂರುತ್ತದೆ. ಸ್ಕ್ರೂಡ್ರೈವರಿನಿಂದ ಮೀಟಿದರೆ ಗಾಜಿನ ಅಂಚು ಬಿರಿಯುತ್ತದೆ. ನಮ್ಮ ಕಡೆ ಎಲ್ಲದಕ್ಕೂ ತೆಂಗಿನೆಣ್ಣೆ ಹಚ್ಚುವ ರೂಢಿಯಿದೆ, ಇಲ್ಲಿ ಅದು ಬೇಡವೇ ಬೇಡ. ಆಮ್ಲಜನಕ ಹೆಚ್ಚಿರುವ ನೈಟ್ರಾಕ್ಸ್ ಬಳಸುವವರಿಗಂತೂ ಜಿಡ್ಡು ಎಂದರೆ ಬೆಂಕಿಯ ಅಪಾಯ. ಕೆಲವು ಕವರುಗಳಿಗೆ ಮೊದಲು ಗೇಜನ್ನು ಹೋಸಿನಿಂದ ಬಿಚ್ಚಬೇಕಾಗುತ್ತದೆ. ಆ ಕೆಲಸವನ್ನು ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯ ಒತ್ತಡ ಇಳಿಸಿ ಉಸಿರಾಡಲು ಕೊಡುವ ಸಾಧನ) ಸರ್ವಿಸ್ ಮಾಡುವವರಿಗೇ ಬಿಡಿ, ಏಕೆಂದರೆ ಅಲ್ಲಿರುವ ಪುಟ್ಟ ಓ-ರಿಂಗುಗಳಿಗೆ ಒಂದು ಗೀರು ಬಿದ್ದರೂ ಸೋರುತ್ತದೆ. ಕೂರಿಸಿದ ಮೇಲೆ ಬಿರಡೆಯ ಜಾಗ ಮುಚ್ಚಿಹೋಗಿಲ್ಲ ಎಂದು ನೋಡಿಕೊಳ್ಳಿ. ನಮ್ಮ ಮಳೆಗಾಲದ ತೇವದಲ್ಲಿ ಕವರಿನೊಳಗಿನ ನೀರು ತಿಂಗಳಾದರೂ ಆರುವುದಿಲ್ಲ, ಹಾಗಾಗಿ ಮೇ ಕೊನೆಯಲ್ಲಿ ಕವರ್ ಸರಿಸಿ ತೊಳೆದು ಒಣಗಿಸಿಯೇ ಎತ್ತಿಡಿ.

ನನ್ನ ಗೇಜ್ ಗುಜರಿಗೆ ಹೋಯಿತು. ಅಂಗಡಿಯಲ್ಲಿ ವಿಚಾರಿಸಿದಾಗ "ಎಲ್ಲರಿಗೂ ಹೀಗೆಯೇ ಮಾಡಿಕೊಡುತ್ತೇವೆ" ಎಂಬ ಉತ್ತರ ಬಂತು. ಇದನ್ನು ಬರೆಯಲು ಆ ಉತ್ತರವೇ ಕಾರಣ. ನಿಮ್ಮ ಕವರ್ ಬೆರಳಿಗೆ ಸ್ವಲ್ಪವೂ ಸರಿಯದಿದ್ದರೆ ಒಳಗೆ ಅಂಟು ಇರಬಹುದು. ಅದನ್ನು ಕರಗಿಸಲು ಥಿನ್ನರ್, ಪೆಟ್ರೋಲ್ ಹಾಕಬೇಡಿ, ಗಾಜು ಪ್ಲಾಸ್ಟಿಕ್ಕಿನದಾಗಿದ್ದರೆ ಬಿರುಕುಬಿಡುತ್ತದೆ. ರೆಗ್ಯುಲೇಟರನ್ನು ಸಿಲಿಂಡರಿನಿಂದ ಬಿಡಿಸಿ, ಹೋಸಿಗೆ ತಾಗದಂತೆ ಕವರನ್ನು ಕತ್ತರಿಸಿ ತೆಗೆಯಿರಿ. ಸರ್ವಿಸ್ ಮಾಡುವವರು ನೋಡಿ ಒಪ್ಪುವವರೆಗೆ ಆ ಗೇಜ್ ಹಿಡಿದು ನೀರಿಗಿಳಿಯಬೇಡಿ.